ಮೊದಲ ಗುಂಡಿನ ಲೆಕ್ಕ

ಮೊನ್ನೆ ಮೊಮ್ಮಗ ಆಟಿಕೆ ಬಂದೂಕಿನಿಂದ ಗೋಡೆಯ ಕ್ಯಾಲೆಂಡರಿಗೆ ಹತ್ತು ಸಲ ಹೊಡೆದ. ಒಂದು ತಗುಲಿತು. "ತಾತ, ನನ್ನ ಗುರಿ ಹೇಗಿದೆ?" ಎಂದು ಕುಣಿದ. ನನಗೆ ವಿರಾಜಪೇಟೆಯ ಅಜ್ಜ ನೆನಪಾದರು.

1978ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ನಾನು ಕೊಡಗಿನ ಆ ಊರಿಗೆ ಹೋದೆ. ಬಯಲುಸೀಮೆಯವನಾದ ನಾನು ಅಲ್ಲಿಯವರೆಗೆ ಕೋವಿ ಕಂಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲಲ್ಲಿ ಮಾತ್ರ. ನನ್ನ ಬಾಡಿಗೆ ಮನೆಯ ಯಜಮಾನರಾದ ಆ ಅಜ್ಜನ ಬಳಿ ಅವರ ತಂದೆಯ ಕಾಲದ ಬೇಟೆ ರೈಫಲ್ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕಾಡಿಗೆ ಹೋಗಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆ ಮಾಡಿಸಿಕೊಂಡು, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೋಗಿ ಬರುತ್ತಿತ್ತು, ಅಷ್ಟೆ.

ಹಬ್ಬಕ್ಕೆ ಮುಂಚೆ ಒಂದು ಭಾನುವಾರ ಅದರ ಪರೀಕ್ಷೆ. ತೋಟದ ಅಂಚಿನ ಎತ್ತರದ ಮಣ್ಣುದಿಬ್ಬಕ್ಕೆ ಕಾಗದ ಅಂಟಿಸಿ, ಐವತ್ತು ಗಜ ದೂರದಲ್ಲಿ ಮೇಜಿಟ್ಟರು. ಮರಳು ಚೀಲದ ಮೇಲೆ ಕೋವಿ ಒರಗಿಸಿ ಮೂರು ಗುಂಡು ಹಾರಿಸಿದರು. ಮೂರೂ ತೂತು ಕಾಫಿ ಲೋಟದ ಬಾಯಿಯಷ್ಟು ಜಾಗದಲ್ಲಿದ್ದವು. ಆದರೆ ನಡುವಿನ ಚುಕ್ಕೆಯಿಂದ ಬಲಕ್ಕೆ ಸರಿದಿದ್ದವು.

"ತಪ್ಪಿತಲ್ಲ?" ಎಂದೆ.

"ತಪ್ಪಿದರೂ ಒಟ್ಟಿಗೇ ತಪ್ಪಿವೆ. ಗುರಿಕಾಯಿ ತುಸು ಸರಿಸಿದರೆ ಆಯಿತು. ಒಂದು ಅಲ್ಲಿ, ಒಂದು ಇಲ್ಲಿ ಬಿದ್ದರೆ ಏನನ್ನು ಸರಿಸಲಿ?"

ನನಗೆ ತಟ್ಟನೆ ಅರ್ಥವಾಯಿತು. ಬ್ಯಾಂಕಿನಲ್ಲೂ ದಿನವೂ ಒಂದೇ ಮೊತ್ತದ ವ್ಯತ್ಯಾಸ ಬಂದರೆ ತಪ್ಪು ಬೇಗ ಸಿಕ್ಕುತ್ತದೆ. ದಿನಕ್ಕೊಂದು ಮೊತ್ತ ಬಂದರೆ ರಾತ್ರಿ ಜಾಗರಣೆ!

ಗುರಿಕಾಯಿ ಸರಿಪಡಿಸಿದ ಮೇಲೆ ಅಜ್ಜ ಮೇಜು ತೆಗೆಸಿದರು. "ಇದುವರೆಗೆ ಆದದ್ದು ಕೋವಿಯ ಪರೀಕ್ಷೆ. ಈಗ ನನ್ನದು. ಕಾಡಿನಲ್ಲಿ ಮೇಜು ಎಲ್ಲಿರುತ್ತದೆ?"

ನಳಿಗೆ ತಣ್ಣಗಾಗಲಿ ಎಂದು ಕಾದರು. ಬಿಸಿಯಾದ ನಳಿಗೆಯ ಗುಂಡು ಬೇರೆ ಕಡೆ ಹೋಗಬಹುದು. ಬೇಟೆಗಾರನಿಗೆ ಸಿಗುವುದೋ ತಣ್ಣನೆಯ ನಳಿಗೆಯ ಮೊದಲ ಗುಂಡು. ಅದು ತಪ್ಪಿ ಕಾಲಿಗೋ ಹೊಟ್ಟೆಗೋ ತಗುಲಿದರೆ ಪ್ರಾಣಿ ದಿನಗಟ್ಟಲೆ ನರಳುತ್ತದೆ. "ಅದಕ್ಕೇ ನಮ್ಮಪ್ಪ ಮೊದಲ ಗುಂಡನ್ನು ಮಾತ್ರ ಲೆಕ್ಕ ಹಿಡಿಯುತ್ತಿದ್ದರು" ಎಂದರು.

ಆಮೇಲೆ ಜಡಿಮಳೆಯಲ್ಲಿ ಗುಡ್ಡ ಹತ್ತಿ ಇಳಿದು ಬಂದು, ಏದುಸಿರಿನಲ್ಲೇ ನಿಂತು ಹೊಡೆದರು. ಕಾದು, ಮತ್ತೆ ಹತ್ತಿ ಇಳಿದು ಇನ್ನೊಂದು. ಹೀಗೆ ಐದು ಸಲ. ಗುಂಡೆಲ್ಲ ಒಂದೇ ಡಬ್ಬಿಯವು. ನೋಡಿದರೆ ಎರಡು ಚುಕ್ಕೆಯ ಬಳಿ, ಎರಡು ಒಂದು ಗೇಣು ದೂರ. ಐದನೆಯದು ಕಾಗದದಲ್ಲೇ ಇರಲಿಲ್ಲ, ದಿಬ್ಬದ ಮಣ್ಣಿನಲ್ಲಿತ್ತು.

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. "ಕೋವಿ ಸುಳ್ಳು ಹೇಳುತ್ತಿಲ್ಲ. ಹೇಳುತ್ತಿದ್ದವನು ನಾನೇ" ಎಂದು ಅದನ್ನು ಒರೆಸಿ ಮಗಳ ಕೈಗಿತ್ತರು. ಆ ವರ್ಷ ಪಂದ್ಯಕ್ಕೆ ನಿಂತದ್ದು ಅವಳು. ಅಜ್ಜ ಅವಳ ಹಿಂದೆ ಛತ್ರಿ ಹಿಡಿದು ಕೂತಿದ್ದರು.

ನನಗೀಗ ಅವರ ವಯಸ್ಸು. ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಸ್ಕೂಟರ್ ಓಡಿಸಿ, "ನನಗೇನೂ ಆಗಿಲ್ಲ" ಎನ್ನುತ್ತಿದ್ದೆ. ಅದು ಮರಳು ಚೀಲದ ಮೇಲಿನ ಗುರಿ. ಕಳೆದ ವಾರ ಸಂಜೆ ಮಳೆಯಲ್ಲಿ, ಎದುರು ದೀಪಗಳ ನಡುವೆ ಒಬ್ಬನೇ ಶಾಲೆಯವರೆಗೆ ಹೋಗಿ ಬಂದೆ. ಎರಡು ಸಲ ಬ್ರೇಕ್ ತಡವಾಯಿತು.

ಮನೆಗೆ ಬಂದು ಕೀಲಿಕೈಯನ್ನು ಸೊಸೆಯ ಕೈಗಿತ್ತೆ. ಈಗ ಮೊಮ್ಮಗನನ್ನು ಶಾಲೆಯಿಂದ ನಡೆದೇ ಕರೆತರುತ್ತೇನೆ. ಛತ್ರಿ ನನ್ನ ಕೈಯಲ್ಲಿರುತ್ತದೆ.