ಊರ ಲೆಕ್ಕ – 6: ಗೌರಿಯ ಉಸಿರು

ಹೋದ ಏಪ್ರಿಲ್‌ನಲ್ಲಿ ನಮ್ಮ ಗೌರಿ ದಿನಕ್ಕೆ 12 ಲೀಟರ್‌ನಿಂದ 8ಕ್ಕೆ ಇಳಿದಳು. ಡೇರಿ ಚೀಟಿ ನೋಡಿ ನಾನೇ ಹೇಳಿದ್ದು: "ಹಿಂಡಿ ಖರ್ಚು ಹಂಗೇ ಇದೆ, ಹಾಲು ಕಮ್ಮಿ. ನಷ್ಟ ಕಣಮ್ಮ, ಮಾರಿಬಿಡೋಣ." ಬಿಕಾಂ ಓದೋ ಮಗನ ಬುದ್ಧಿ!

ಅಮ್ಮ ಏನೂ ಅನ್ನಲಿಲ್ಲ. ಮಾರನೇ ದಿನ ಮಧ್ಯಾಹ್ನ ಪಶುವೈದ್ಯರನ್ನ ಕರೆಸಿದಳು. ಅವರು ಗೌರಿಯ ಪಕ್ಕೆ ತೋರಿಸಿ, "ಒಂದು ನಿಮಿಷ ಉಸಿರು ಎಣಿಸಪ್ಪಾ" ಅಂದ್ರು. ಎಣಿಸಿದೆ. 80 ದಾಟಿತು. "60 ದಾಟಿದ್ರೇನೇ ಬಿಸಿಲು ತಡೀತಿಲ್ಲ ಅಂತ ಅರ್ಥ."

ಗೌರಿ ಎಚ್‌ಎಫ್ ಮಿಶ್ರತಳಿ. ಎಚ್‌ಎಫ್ ಮೂಲ ಯುರೋಪಿನ ತಂಪು ಸೀಮೆ. ನಮ್ಮ ಹಳ್ಳಿಕಾರ್ ತಡೆಯೋ ಸೆಕೆ ಇದು ತಡೆಯಲ್ಲ. ಮೇವು ಹೊಟ್ಟೇಲಿ ಕರಗುವಾಗಲೂ ಶಾಖ ಹುಟ್ಟುತ್ತೆ. ಅದಕ್ಕೇ ಸೆಕೆಯಲ್ಲಿ ಹಸು ಮೇವು ಕಮ್ಮಿ ಮಾಡುತ್ತೆ. ಹಾಲು ಇಳಿಯುತ್ತೆ, ಫ್ಯಾಟೂ ಇಳಿಯುತ್ತೆ. ಬೆದೆ ಸರಿಯಾಗಿ ಕಾಣಲ್ಲ, ಗಬ್ಬ ನಿಲ್ಲೋದೂ ಕಷ್ಟ.

ನಾವು ಕಟ್ಟಿದ್ದು ಕಾದ ತಗಡಿನ ಶೀಟ್ ಕೆಳಗೆ. ಶೀಟ್ ಮೇಲೆ ತೆಂಗಿನ ಗರಿ ಹಾಸಿದ್ವಿ. ಮಧ್ಯಾಹ್ನ ಹೊಂಗೆ ನೆರಳಿಗೆ ಬದಲಾಯಿಸಿದ್ವಿ. ದಿನಕ್ಕೆ ಎರಡು ಸಲ ಕುಡಿಸ್ತಿದ್ದ ನೀರನ್ನ ಸದಾ ಮುಂದೇನೇ ಇಟ್ವಿ. ಹಿಂಡಿ, ಮೇವು ಹೆಚ್ಚಾಗಿ ಬೆಳಗಿನ ಜಾವ, ರಾತ್ರಿ. ಹತ್ತು ದಿನಕ್ಕೆ 10 ಲೀಟರ್ ಆಯ್ತು. 12 ಆಗಿದ್ದು ಮಳೆ ಬಿದ್ದ ಮೇಲೇನೇ.

ಡೇರಿ ಚೀಟೀಲಿ ಲೀಟರ್, ಫ್ಯಾಟ್, ರೂಪಾಯಿ ಎಲ್ಲಾ ಇತ್ತು. ನಾನು ಅದನ್ನಷ್ಟೇ ಓದಿ ಅವಳನ್ನ ಮಾರೋಕೆ ಹೊರಟಿದ್ದೆ. ನಿಮ್ಮನೇಲೂ ಹಸು ಇದ್ರೆ, ಇವತ್ತು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ. ಒಂದೇ ನಿಮಿಷ, ಉಸಿರು ಎಣಿಸಿ.

#ಊರಲೆಕ್ಕ