ದೋಣಿಯ ಬುಡ ನೋಡಲು ಮಲ್ಪೆಗೆ

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಸಮುದ್ರದ ಮಾತು ಬರುವುದು ಅಪರೂಪ. ಬಿಸಿಲು, ಬೋರ್‌ವೆಲ್, ತೊಗರಿಯ ಧಾರಣೆ, ಮಕ್ಕಳ ಪರೀಕ್ಷೆ ಇವೇ ನಮ್ಮ ಕಟ್ಟೆಯ ಮಾತುಗಳು. ಆದರೆ ಕಬ್ಬಿಣ ಮಾತ್ರ ಮನೆಮನೆಗೂ ಇದೆ. ಒಂದು ಸುತ್ತು ಹಾಕಿ ಬಂದರೆ ಸಾಕು, ಗೇಟುಗಳು, ಕಿಟಕಿಯ ಸರಳುಗಳು, ಮಾಳಿಗೆಯ ಕಟಾಂಜನಗಳು ಎಲ್ಲವೂ ಒಂದಿಷ್ಟು ಬಣ್ಣ, ಒಂದಿಷ್ಟು ತುಕ್ಕು ಹೊತ್ತು ನಿಂತಿರುತ್ತವೆ. ದೀಪಾವಳಿಗೋ ಮನೆಯ ಮದುವೆಗೋ ಪೇಂಟರ್ ಬರುತ್ತಾನೆ. ಧೂಳು ಒರೆಸಿ, ತುಕ್ಕಿನ ಮೇಲೆಯೇ ಒಂದು ಕೈ ಬಳಿದು ಹೋಗುತ್ತಾನೆ. ಮುಂದಿನ ಬೇಸಿಗೆಗೆ ಆ ಬಣ್ಣ ಹಪ್ಪಳದಂತೆ ಏಳುತ್ತದೆ. ಆದರೂ ಗೇಟು ಉದುರಿ ಬೀಳುವುದಿಲ್ಲ. ನಮ್ಮ ಕಡೆಯ ಒಣಹವೆಯ ಉಪಕಾರ ಅದು. ಕೋಟೆಯಲ್ಲಿ ಶತಮಾನಗಳಿಂದ ಬಿಸಿಲಿಗೂ ಮಳೆಗೂ ಮೈಯೊಡ್ಡಿರುವ ಕಬ್ಬಿಣದ ತೋಪುಗಳು ಇನ್ನೂ ತೋಪುಗಳಾಗಿಯೇ ಉಳಿದಿರುವುದರಲ್ಲಿ ಈ ಹವೆಯ ಪಾಲೂ ಇದೆ.

ತಂಗಿಯ ಮಗನನ್ನು ಕಾಲೇಜಿಗೆ ಸೇರಿಸುವ ಕೆಲಸಕ್ಕೆಂದು ಕಳೆದ ಜುಲೈನಲ್ಲಿ ಉಡುಪಿಗೆ ಹೋಗಬೇಕಾಯಿತು. ಬಂಧುಗಳಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದೆವು. ಕಾಲೇಜಿನ ಕೆಲಸ ಅರ್ಧ ದಿನಕ್ಕೆ ಮುಗಿಯಿತು. ಉಳಿದ ಅರ್ಧ ದಿನ ಏನು ಮಾಡುವುದು? ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡುವ ಆಸೆ ಹುಡುಗನದು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಹೀಗಾಗಿ ಕೊಡೆ ಹಿಡಿದು ಮಲ್ಪೆ ಬಂದರಿನತ್ತ ನಡೆದೆವು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿಮಾಡುವ ಕಾಲ, ಕಡಲು ಕೆರಳುವ ಕಾಲ ಎಂಬ ಎರಡೂ ಕಾರಣಗಳಿಗೆ. ಬೋಟುಗಳೆಲ್ಲ ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ರಿಪೇರಿ ಬೇಕಾದವನ್ನು ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ಕೂರಿಸುತ್ತಾರೆ. ನೀರಿನಲ್ಲಿರುವಾಗ ಬೋಟಿನ ಅರ್ಧ ಮೈ ಮಾತ್ರ ನಮಗೆ ಕಾಣುವುದು. ದಡದಲ್ಲಿ ನಿಂತ ಉಕ್ಕಿನ ಬೋಟಿನ ಕೆಳಗೆ ಹೋದಾಗಲೇ ಅದು ಎಷ್ಟು ದೊಡ್ಡದೆಂದು ಗೊತ್ತಾಗುವುದು. ‘ಮಾಮಾ, ಇದಕ್ಕ ಹೊಟ್ಟಿನೂ ಅದ!’ ಎಂದ ನಮ್ಮ ಹುಡುಗ.

ಆ ಹೊಟ್ಟೆಯ ನಡುಗೆರೆಯಲ್ಲಿ, ಮೂತಿಯಿಂದ ಹಿಂಭಾಗದವರೆಗೆ ಒಂದು ಗಟ್ಟಿ ಏಣು ಹರಿದಿರುತ್ತದೆ. ಅದೇ ಕೀಲ್, ದೋಣಿಯ ಬೆನ್ನೆಲುಬು ಎನ್ನಿ. ಪಕ್ಕೆಲುಬುಗಳಂಥ ಚೌಕಟ್ಟುಗಳೆಲ್ಲ ಇದಕ್ಕೇ ಬಂದು ಕೂಡುತ್ತವೆ. ಹಾಯಿದೋಣಿಗಳಲ್ಲಿ ಇದಕ್ಕೆ ಇನ್ನೂ ದೊಡ್ಡ ಪಾತ್ರವಿದೆ. ಅಲ್ಲಿ ಎರಕದ ಕಬ್ಬಿಣ ಇಲ್ಲವೇ ಸೀಸದ ಭಾರಿ ರೆಕ್ಕೆಯೊಂದು ಬುಡದಿಂದ ಆಳಕ್ಕೆ ಇಳಿದಿರುತ್ತದೆ. ಗಾಳಿ ಹಾಯಿಯನ್ನು ಒಂದು ಬದಿಗೆ ತಳ್ಳಿದಷ್ಟೂ ಈ ಭಾರ ದೋಣಿಯನ್ನು ಮತ್ತೆ ನೆಟ್ಟಗೆ ಎಬ್ಬಿಸುತ್ತದೆ. ದೋಣಿ ಅಡ್ಡಕ್ಕೆ ಜಾರದಂತೆಯೂ ತಡೆಯುತ್ತದೆ. ನಮ್ಮ ಸೇನೆಯ ಎಂಜಿನಿಯರ್ ದಳದವರು 1985-87ರಲ್ಲಿ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿದರು. 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ‘ತಾರಿಣಿ’ಯಲ್ಲಿ ಗೋವಾದಿಂದ ಹೊರಟು ಗೋವಾಕ್ಕೇ ಮರಳಿದರು. ಅಂಥ ಯಾನದಲ್ಲಿ ಹಾಯಿ ಹರಿದರೆ ಹೊಲಿಯಬಹುದು. ಕೀಲ್ ಕೈಕೊಟ್ಟರೆ ದೋಣಿ ಮಗುಚುತ್ತದೆ.

ನಾವು ನಿಂತಿದ್ದ ಬೋಟಿನ ಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು. ಒಬ್ಬನ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಡೆಯವನೆಂದು ತಿಳಿಯಿತು. ಯಾದಗಿರಿ ಕಡೆಯ ಹುಡುಗ. ಉತ್ತರ ಕರ್ನಾಟಕದ ಎಷ್ಟೋ ಜನ ಮಲ್ಪೆಯಲ್ಲಿ ದುಡಿಯುತ್ತಾರೆ. ಕಲಬುರಗಿ ಎಂದೊಡನೆ ಅವನ ಮುಖ ಅರಳಿತು. ‘ಬಣ್ಣ ಹಚ್ಚೋದು ಯಾವಾಗ?’ ಎಂದೆ. ‘ಹಚ್ಚೋದು ಎರಡು ದಿನದ ಕೆಲಸ್ರಿ ಸರ್, ಕೆರೆಯೋದೇ ಹತ್ತು ದಿನ. ಮ್ಯಾಲಿನ ಬಣ್ಣ ಮಾಲಕರಿಗ್ರಿ, ಬುಡದ ಬಣ್ಣ ಸಮುದ್ರಕ್ರಿ’ ಎಂದ.

ಮೊದಲು ಸಿಹಿನೀರಿನಿಂದ ತೊಳೆಯುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಆ ಉಪ್ಪಿನ ಒಂದು ಕಣ ಬಣ್ಣದ ಅಡಿಯಲ್ಲಿ ಉಳಿದರೂ ಸಾಕು, ಪದರದ ಮೂಲಕ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಡುತ್ತದಲ್ಲ, ಅದೇ ಆಸ್ಮಾಸಿಸ್. ಬಳಿಕ ಎಣ್ಣೆ ಗ್ರೀಸು ತೆಗೆಯಬೇಕು. ಇದನ್ನು ಉಜ್ಜುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಉಜ್ಜಿದಂತೆ ಎಣ್ಣೆ ಲೋಹದ ಗೀರುಗಳಿಗೆ ಇಳಿಯುತ್ತದೆ. ಆಮೇಲೆ ಸುತ್ತಿಗೆ, ಉಳಿ, ತಂತಿಯ ಚಕ್ರ ಕೂರಿಸಿದ ಗ್ರೈಂಡರ್. ದೊಡ್ಡ ಹಡಗುಕಟ್ಟೆಗಳಲ್ಲಿ ಒತ್ತಿದ ಗಾಳಿಯಿಂದ ಒರಟು ಹರಳುಗಳನ್ನು ಚಿಮ್ಮಿಸಿ ಲೋಹ ಬೆಳ್ಳಗೆ ಹೊಳೆಯುವಂತೆ ಮಾಡುತ್ತಾರೆ. ಹೊಳಪಿನ ಜೊತೆಗೆ ಸಣ್ಣ ಒರಟೂ ಉಳಿಯಬೇಕು, ಬಣ್ಣಕ್ಕೆ ಹಿಡಿತ ಬೇಕಲ್ಲ. ಎರಕದ ಕಬ್ಬಿಣದ ಕೀಲ್‌ಗೆ ಇಷ್ಟೂ ಸಾಲದು. ಅದರ ರಂಧ್ರಗಳಲ್ಲಿ ಉಪ್ಪು ಅಡಗಿರುತ್ತದೆ, ಆದ್ದರಿಂದ ತೊಳೆಯುವುದು ಉಜ್ಜುವುದು ಎರಡನ್ನೂ ಪುನಃ ಮಾಡಬೇಕಾಗುತ್ತದೆ.

ತುಕ್ಕಿನ ಮೇಲೆ ಬಳಿದರೆ ಏನಾಗುತ್ತದೆ? ಹತ್ತನೆಯ ತರಗತಿಯವರು ಮೂರು ಪ್ರನಾಳಗಳಲ್ಲಿ ಮೊಳೆ ಇಟ್ಟು ನೋಡಿದ ಪ್ರಯೋಗ ನೆನಪಿಸಿಕೊಳ್ಳಿ. ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಬೇಕು. ತುಕ್ಕು ಸ್ಪಂಜಿನ ಹಾಗೆ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲದೆ ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹೀಗೆ ಒಳಗಿಂದಲೇ ಬಣ್ಣವನ್ನು ಎತ್ತಿ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಬೋಟು ಮದುವಣಗಿತ್ತಿಯಂತೆ ಕಾಣುತ್ತದೆ, ಒಳಗೆ ತಗಡು ತೆಳುವಾಗುತ್ತಾ ಹೋಗುತ್ತದೆ. ಅಂಥ ಬೋಟಿನಲ್ಲಿ ದಡದಿಂದ ನೂರು ಕಿಲೋಮೀಟರ್ ಆಚೆ ಹೋದವರಿಗೆ ಇಳಿದು ನಡೆಯಲು ನೆಲ ಎಲ್ಲಿದೆ?

ಕೆರೆದು ಬೆಳ್ಳಗಾದ ಉಕ್ಕು ಹಾಗೆಯೇ ಉಳಿಯುವುದಿಲ್ಲ. ಕರಾವಳಿಯ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ಛಾಯೆ ಮೂಡುತ್ತದೆ. ಆದ್ದರಿಂದ ಅದೇ ದಿನ ಮೊದಲ ಪದರ ಬೀಳಬೇಕು. ಇಲ್ಲಿಯೇ ಮಲ್ಪೆಯವರ ನಿಜವಾದ ಕಷ್ಟ. ಬೋಟಿಗೆ ರಜೆ ಇರುವ ಎರಡು ತಿಂಗಳೇ ಮಳೆಯ ತಿಂಗಳುಗಳು! ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗೆ ಬೆವರುವಂತೆ ತಂಪಾದ ಉಕ್ಕೂ ಬೆವರುತ್ತದೆ. ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 85ನ್ನು ಮೀರಬಾರದು ಎಂಬುದು ಬಣ್ಣದ ಕೆಲಸದ ಸಾಮಾನ್ಯ ನಿಯಮ. ಜುಲೈನ ಮಲ್ಪೆಯಲ್ಲಿ ಅಂಥ ಗಳಿಗೆಗೆ ಕಾದು ಕೂರಬೇಕು. ತಾಡಪಾಲು ಕಟ್ಟುತ್ತಾರೆ, ಮೋಡ ನೋಡುತ್ತಾರೆ, ಬಿಸಿಲು ಇಣುಕಿದೊಡನೆ ಓಡುತ್ತಾರೆ. ಆಗಸ್ಟ್ 1 ಮಾತ್ರ ಯಾರಿಗೂ ಕಾಯುವುದಿಲ್ಲ.

ಎರಡು ಡಬ್ಬಿಗಳನ್ನು ಬೆರೆಸಿ ತಯಾರಿಸುವ ಎಪಾಕ್ಸಿ ಬಣ್ಣವನ್ನು ಮೂರು ನಾಲ್ಕು ಪದರ ಹಚ್ಚುತ್ತಾರೆ. ಎಲ್ಲ ಸೇರಿ ದಪ್ಪ ಸುಮಾರು ಕಾಲು ಮಿಲಿಮೀಟರ್. ಚೂಪಾದ ಅಂಚು, ಬೆಸುಗೆಯ ಸಾಲುಗಳಿಗೆ ಮೊದಲೇ ಕುಂಚದಿಂದ ಒಂದು ಹೆಚ್ಚುವರಿ ಪಟ್ಟಿ ಎಳೆಯುತ್ತಾರೆ. ಮೇಲ್ಮೈ ಎಳೆತದಿಂದ ಹಸಿ ಬಣ್ಣ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುವುದರಿಂದ ಈ ಉಪಾಯ. ದಿಮ್ಮಿಯ ಮೇಲೆ ಕುಳಿತ ಭಾಗಕ್ಕೆ ಬಣ್ಣ ತಾಗುವುದೇ ಇಲ್ಲ, ಹಾಗಾಗಿ ದಿಮ್ಮಿಗಳನ್ನು ಸರಿಸಿ ಆ ತೇಪೆಗಳನ್ನು ಮುಗಿಸಬೇಕು. ಕೀಲ್ ಊರಿ ನಿಂತಿರುವುದೇ ಅವುಗಳ ಮೇಲಾದ್ದರಿಂದ ಇದು ಕೀಲ್‌ನದೇ ಸಮಸ್ಯೆ.

ಕೊನೆಗೆ ತಾಮ್ರದ ಸಂಯುಕ್ತ ಬೆರೆತ ಕೆಂಪು ಬಣ್ಣ. ನೀರಿಗಿಳಿದ ಯಾವ ವಸ್ತುವಿಗೂ ಪಾಚಿ, ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಅಂಟಿಕೊಂಡು ಡೀಸೆಲ್ ಖರ್ಚು ಹೆಚ್ಚಿಸುತ್ತವೆ. ತಾಮ್ರ ಅವಕ್ಕೆ ವಿಷ. ಆದರೆ ತಾಮ್ರ ಬರಿಯ ಕಬ್ಬಿಣಕ್ಕೆ ತಾಗಿದರೆ ಉಪ್ಪುನೀರಿನಲ್ಲಿ ಅದೊಂದು ವಿದ್ಯುತ್ ಕೋಶವಾಗಿ ಕಬ್ಬಿಣವೇ ಕರಗುತ್ತದೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಮರದ ಹಡಗಿನ ಬುಡಕ್ಕೆ ತಾಮ್ರದ ತಗಡು ಹೊದಿಸಿ ಈ ಪಾಠ ಕಲಿಯಿತು. ಎರಡು ವರ್ಷಗಳ ನಂತರ ನೋಡಿದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕೊರೆದುಹೋಗಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ನಡುವೆ ಉಳಿದಿದ್ದ ಕಡೆ ಮಾತ್ರ ಚೆನ್ನಾಗಿದ್ದವು! ನಮ್ಮ ಎಪಾಕ್ಸಿ ಆ ಕಾಗದದ ಕೆಲಸವನ್ನೇ ಮಾಡುತ್ತದೆ. 1824ರಲ್ಲಿ ಹಂಫ್ರಿ ಡೇವಿ ತಾಮ್ರವನ್ನು ಉಳಿಸಲು ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರ ಕರಗುವುದು ನಿಂತಿತು, ವಿಷವೂ ನಿಂತಿತು, ಹಡಗಿನ ಬುಡಕ್ಕೆ ಬಾರ್ನಕಲ್‌ಗಳ ಜಾತ್ರೆಯೇ ನೆರೆಯಿತು.

ಮನೆಯಲ್ಲಿ ನೀವೂ ನೋಡಬಹುದು. ಮೂರು ಲೋಟ ಉಪ್ಪುನೀರು. ಒಂದರಲ್ಲಿ ಬರಿ ಮೊಳೆ, ಒಂದರಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಇನ್ನೊಂದರಲ್ಲಿ ಸತು ಲೇಪಿಸಿದ ಜಿ.ಐ. ತಂತಿ ಬಿಗಿಯಾಗಿ ಸುತ್ತಿದ ಮೊಳೆ. ನಾಲ್ಕು ದಿನ ಬಿಟ್ಟು ಯಾವುದು ಹೆಚ್ಚು ಕೆಂಪಾಯಿತೆಂದು ಬರೆದಿಡಿ.

ತವರ ಬೆರೆತ ಟಿ.ಬಿ.ಟಿ. ಎಂಬ ವಿಷದ ಬಣ್ಣ ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯ ಸಿಂಪಿಗಳು ಅದರಿಂದ ಕೆಟ್ಟಾಗ ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ತಾಮ್ರದ ಬಣ್ಣವೂ ಕೆರೆಯುವವನಿಗೆ ಸೌಮ್ಯವಲ್ಲ. ಯಾದಗಿರಿಯ ಹುಡುಗ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ; ಕೆಂಪು ಧೂಳು ರೆಪ್ಪೆಯ ಮೇಲೂ ಕೂತಿತ್ತು. ಟವೆಲ್ ದಪ್ಪ ಧೂಳನ್ನು ತಡೆದೀತು, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳನ್ನಲ್ಲ. ಒದ್ದೆ ಮಾಡಿ ಉಜ್ಜಿದರೆ ಧೂಳು ಏಳುವುದಿಲ್ಲ, ಸರಿಯಾದ ಮಾಸ್ಕ್ ಇರಬೇಕು ಎಂದೆ. ‘ಮಾಸ್ಕಿನಾಗ ಉಸಿರು ಕಟ್ತದ್ರಿ’ ಎಂದು ನಕ್ಕ. ಆದರೂ ಹೋಗುವ ಮುನ್ನ ಅದರ ಹೆಸರು, ಬೆಲೆ ಕೇಳಿ ಮೊಬೈಲಿನಲ್ಲಿ ಬರೆದುಕೊಂಡ. ಮಾಲಕರು ಕೊಡಿಸಬೇಕಾದ ವಸ್ತುವಿನ ಬೆಲೆಯನ್ನು ಕೂಲಿಯವನು ಕೇಳುವುದು ನನಗೆ ಹಿತವೆನಿಸಲಿಲ್ಲ.

ಕೀಲ್‌ನ ಹಿಂತುದಿಯ ಬಳಿ ಬೂದು ಬಣ್ಣದ ಇಟ್ಟಿಗೆಯಂಥ ಗಟ್ಟಿಗಳನ್ನು ಹೊಸದಾಗಿ ಕೂರಿಸಿದ್ದರು. ಸತುವಿನವು. ಬಣ್ಣ ಎಲ್ಲಾದರೂ ಗೀರಿದರೆ ಉಕ್ಕಿನ ಬದಲು ಅವು ಕರಗುತ್ತವೆ. ಪಕ್ಕದಲ್ಲಿ ಬಿದ್ದಿದ್ದ ಹಳೆಯ ಗಟ್ಟಿ ಸವೆದು ಒಣಗಿದ ಶುಂಠಿಯಂತಾಗಿತ್ತು. ಹುಡುಗ ಕೆಂಪು ಬಣ್ಣದ ಡಬ್ಬಿ ತೆರೆಯುವ ಮುನ್ನ ಹೊಸ ಗಟ್ಟಿಗಳಿಗೆ ಹಳೆಯ ಕನ್ನಡ ಪತ್ರಿಕೆಯ ಹಾಳೆ ಸುತ್ತಿ ಟೇಪು ಅಂಟಿಸಿದ. ‘ಇದಕ್ಕ ಬಣ್ಣ ತಾಗಿದ್ರ ಕೆಲಸ ಮಾಡಂಗಿಲ್ರಿ ಸರ್’ ಎಂದು ನನಗೇ ವಿವರಿಸಿದ.