ನೋವಿಲ್ಲದ ಹುಣ್ಣು

ಭತ್ತದ ಹೊಟ್ಟು ಬಿದ್ದು ಕಣ್ಣು ಗೀರಿದವರು ಆಸ್ಪತ್ರೆಯ ಬಾಗಿಲಲ್ಲೇ ಗೊತ್ತಾಗುತ್ತಾರೆ. ಕಣ್ಣಿಗೆ ಟವೆಲ್ ಒತ್ತಿಕೊಂಡು, ಬೆಳಕು ಕಂಡರೆ ಮುಖ ತಿರುಗಿಸಿ, ‘ಮೊದಲು ಉರಿ ನಿಲ್ಸಿ ಡಾಕ್ಟ್ರೇ’ ಎನ್ನುತ್ತಾರೆ. ಸೋಂಕು ತಗಲದಿದ್ದರೆ ಅಂಥ ಗೀರು ಎರಡು ಮೂರು ದಿನದಲ್ಲಿ ಮಾಯುತ್ತದೆ. ತಾಲ್ಲೂಕು ಊರಿನಲ್ಲಿ ಇಂಥವರನ್ನೇ ನೋಡುತ್ತ ನನಗೊಂದು ಕೆಟ್ಟ ಅಭ್ಯಾಸ ಬೆಳೆದಿತ್ತು. ಕಣ್ಣೀರು ಸುರಿಸುವವರನ್ನು ಮೊದಲು ಒಳಗೆ ಕರೆಯುತ್ತಿದ್ದೆ, ಸುಮ್ಮನೆ ಕೂತವರ ಸರದಿ ಆಮೇಲೆ.

ಆ ಅಜ್ಜಿ ಸುಮ್ಮನೆ ಕೂರುವವರು. ‘ನೋವೇನಿಲ್ಲಪ್ಪ, ಬರೀ ಮಂಜು’ ಎಂದರು. ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕಾರ್ನಿಯಾದ ನಡುವಿನಿಂದ ತುಸು ಕೆಳಗೆ ಮೊಟ್ಟೆಯಾಕಾರದ ಹಸಿರು ಮಚ್ಚೆ. ಅಂಚು ನುಣುಪಾಗಿ, ಒಳಕ್ಕೆ ಮಡಚಿಕೊಂಡಂತಿತ್ತು. ಆ ಅಂಚೇ ನನಗೆ ಸಾಕಾಗಬೇಕಿತ್ತು. ಆ್ಯಂಟಿಬಯೋಟಿಕ್ ಡ್ರಾಪ್ಸ್ ಬರೆದು ಕಳಿಸಿದೆ.

ಮುಂದಿನ ಸಲ ಬಂದಾಗಲೂ ಮಚ್ಚೆ ಅಷ್ಟೇ ಇತ್ತು. ಇನ್ನೊಂದು ಆ್ಯಂಟಿಬಯೋಟಿಕ್ ಸೇರಿಸಿದೆ. ಆಮೇಲೆ ಕೃತಕ ಕಣ್ಣೀರು, ಅದರ ಮೇಲೆ ಉರಿಯೂತಕ್ಕೊಂದು. ಗ್ಲಾಕೋಮಾಕ್ಕೆ ಹಾಕುತ್ತಿದ್ದ ಡ್ರಾಪ್ಸ್ ಮೊದಲೇ ಇತ್ತು. ಸೊಸೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಒಂದೂ ತಪ್ಪದೆ ಹಾಕುತ್ತಿದ್ದಳು. ‘ನೋವಿಲ್ವಲ್ಲ ಅಜ್ಜಿ, ಅದು ಒಳ್ಳೇದೇ’ ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ಹುಣ್ಣಿನ ತಳ ತೆಳುವಾಗತೊಡಗಿದಾಗ ಹೆದರಿ ನಗರದ ಕಾರ್ನಿಯಾ ವಿಭಾಗಕ್ಕೆ ಕಳಿಸಿದೆ. ಸಂಜೆ ಅಲ್ಲಿಂದ ಫೋನು. ನನಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕ ಡಾಕ್ಟರು ಮರ್ಯಾದೆಯಿಂದಲೇ ಕೇಳಿದರು: ‘ಸರ್, ಹತ್ತಿ ಮುಟ್ಟಿಸಿ ನೋಡಿದ್ರಾ?’

ನೋಡಿರಲಿಲ್ಲ. ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು, ಪಕ್ಕದಿಂದ ತಂದು ಕಾರ್ನಿಯಾಕ್ಕೆ ತಾಗಿಸಿದರೆ ಯಾರೇ ಆದರೂ ರೆಪ್ಪೆ ಬಡಿಯಲೇಬೇಕು. ಅಜ್ಜಿ ಮಿಟುಕಿಸಲಿಲ್ಲವಂತೆ. ನಾನು ಮುಟ್ಟಿಸಿದ್ದರೂ ಪ್ರಯೋಜನವಿರಲಿಲ್ಲ, ಅದು ಬೇರೆ ಮಾತು. ಒತ್ತಡ ನೋಡಲೆಂದು ನಮ್ಮ ಸಿಸ್ಟರ್ ಎಲ್ಲರಿಗೂ ಹೊರಗೇ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಕಳಿಸುತ್ತಿದ್ದರು. ಆ ಪದ್ಧತಿ ಮಾಡಿದ್ದೂ ನಾನೇ.

ಕಾರ್ನಿಯಾದ ನಡುಭಾಗ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ರಕ್ತನಾಳ ಒಂದೂ ಇಲ್ಲ, ನರಗಳು ಮಾತ್ರ ಕಿಕ್ಕಿರಿದಿವೆ. ಆ ನರಗಳ ಕೆಲಸ ನೋವು ತಿಳಿಸುವುದಷ್ಟೇ ಅಲ್ಲ. ರೆಪ್ಪೆ ಬಡಿಸುವುದು, ಕಣ್ಣೀರು ತರಿಸುವುದು, ಮೇಲ್ಪದರದ ಕೋಶಗಳಿಗೆ ಬೆಳೆಯಲು ಬೇಕಾದ ರಾಸಾಯನಿಕ ಒದಗಿಸುವುದು ಎಲ್ಲ ಅವುಗಳದೇ. ನರ ಸತ್ತರೆ ಹುಣ್ಣು ನೋಯುವುದೂ ಇಲ್ಲ, ಮಾಯುವುದೂ ಇಲ್ಲ. ಅಜ್ಜಿಯ ನರ ಕೆಟ್ಟದ್ದು ಹೇಗೆಂಬುದು ಹಣೆಯ ಮೇಲೇ ಇತ್ತು: ಒಂದೇ ಬದಿಗೆ ಮಾಸಿದ ಕಲೆಗಳು, ನಡುಗೆರೆ ದಾಟದೆ ಕುಂಕುಮದ ಹತ್ತಿರ ನಿಂತಿದ್ದವು, ಮೂಗಿನ ತುದಿಯಲ್ಲೂ ಒಂದು. ‘ಸರ್ಪಸುತ್ತಾಗಿತ್ತು, ಊರಲ್ಲಿ ಕೆಮ್ಮಣ್ಣು ಹಚ್ಚಿಸಿದ್ವಿ’ ಎಂದು ಸೊಸೆ ಅಲ್ಲಿ ಹೇಳಿದ್ದಳು. ನನ್ನ ಬಳಿ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಸಕ್ಕರೆ ಕಾಯಿಲೆಯೂ ಜೊತೆಗಿತ್ತು.

ನಗರದ ಡಾಕ್ಟರು ಮೊದಲು ಮಾಡಿದ್ದು ನನ್ನ ಚೀಟಿಯನ್ನು ಹೊಡೆದುಹಾಕಿದ್ದು. ಕೆಡದಿರಲೆಂದು ಬಹಳಷ್ಟು ಡ್ರಾಪ್ಸ್‌ಗೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಹೊಸ ಕೋಶಗಳಿಗೆ ವಿಷ. ಉರಿಯೂತದ ಡ್ರಾಪ್ಸ್ ಇದ್ದಬದ್ದ ಸ್ಪರ್ಶವನ್ನೂ ಕುಗ್ಗಿಸಬಲ್ಲದು, ಇಂಥ ಕಣ್ಣಿನಲ್ಲಿ ಕಾರ್ನಿಯಾವನ್ನೇ ಕರಗಿಸಬಲ್ಲದು. ಗಿಡ ಬಾಡಿದೆ ಎಂದು ಬೇರು ಕೊಳೆಯುವಷ್ಟು ನೀರು ಹೊಯ್ದಂತಾಗಿತ್ತು ನನ್ನ ಉಪಚಾರ.

ಸೋಂಕಿಲ್ಲವೆಂದು ಖಚಿತ ಮಾಡಿಕೊಂಡು ಎರಡು ಕೆಲಸ ಮಾಡಿದರು. ಒಂದು, ಹೊರಮೂಲೆಯ ಕಡೆಯಿಂದ ರೆಪ್ಪೆಗಳನ್ನು ಮೂರನೇ ಒಂದು ಭಾಗದಷ್ಟು ಹೊಲಿದರು. ಗಾಳಿಗೆ ಒಡ್ಡಿಕೊಂಡ ಜಾಗ ಕಡಿಮೆಯಾದಷ್ಟೂ ಒಣಗುವುದು ಕಡಿಮೆ. ಹಳೆಯ ಉಪಾಯ, ಇವತ್ತಿಗೂ ಕೈಕೊಡದ್ದು. ‘ಕಣ್ಣು ತೋರ್ಸಕ್ಕೆ ಬಂದ್ರೆ ಕಣ್ಣೇ ಹೊಲೀತಾರಲ್ಲೋ!’ ಎಂದು ಅಜ್ಜಿ ಮಗನ ಮೇಲೆ ರೇಗಿದರಂತೆ. ಇನ್ನೊಂದು, ಅಜ್ಜಿಯದೇ ರಕ್ತದ ಸೀರಂ. ರಕ್ತ ಹೆಪ್ಪುಗಟ್ಟಿದ ಮೇಲೆ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಸಲೈನಿನಲ್ಲಿ ಶೇಕಡಾ 20ಕ್ಕೆ ಇಳಿಸಿ ಡ್ರಾಪ್ಸ್ ಮಾಡುತ್ತಾರೆ. ವಿಟಮಿನ್ ಎ, ಕೋಶ ಬೆಳೆಸುವ ಪ್ರೋಟೀನುಗಳು ಅದರಲ್ಲಿವೆ. ಅಂಥದೊಂದು ಪ್ರೋಟೀನನ್ನು ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಪತ್ತೆಹಚ್ಚಿದ್ದು ಇಲಿಮರಿಗಳು ಹೊತ್ತಿಗೆ ಮುಂಚೆಯೇ ಕಣ್ತೆರೆದದ್ದನ್ನು ಗಮನಿಸಿ. ನರ ಬೆಳೆಸುವ ಪ್ರೋಟೀನ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ 1986ರಲ್ಲಿ ಅವರಿಗೆ ನೊಬೆಲ್ ಬಂತು. ಆ ನರಪ್ರೋಟೀನಿನದೇ ಡ್ರಾಪ್ಸ್, ಸೆನೆಗರ್ಮಿನ್, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಬೆಲೆ ನಮ್ಮ ರೋಗಿಗಳ ಎದುರು ಆಡುವ ಮಾತಲ್ಲ.

ಸೀರಂ ಫ್ರಿಜ್‌ನಲ್ಲೇ ಇರಬೇಕು. ಅಜ್ಜಿಯ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಮನೆಯವರು ರಕ್ತದ್ದು ಎಂದು ಕೇಳಿ ಹಿಂದೇಟು ಹಾಕಿದರು. ಸೊಸೆ ಬಾಟಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಕೊಟ್ಟ ಮೇಲೆ ಒಪ್ಪಿದರು.

ನಿಧಾನವಾಗಿ ಹುಣ್ಣು ಮುಚ್ಚಿತು. ಬಿಳಿ ಕಲೆ ಉಳಿಯಿತು, ದೃಷ್ಟಿ ಮೊದಲಿನಂತಾಗಲಿಲ್ಲ. ಬೇಗ ಕಳಿಸಿದ್ದರೆ ಇಷ್ಟು ಕಲೆ ಕಟ್ಟುತ್ತಿರಲಿಲ್ಲ ಎಂದು ಅಜ್ಜಿಗೆ ನಾನೇ ಹೇಳಿದೆ. ‘ಆಯ್ತು ಬಿಡಪ್ಪ’ ಎಂದರು, ಮಗ ಮಾತಾಡಲಿಲ್ಲ. ಈಗ ನಮ್ಮಲ್ಲಿ ಹತ್ತಿ ಮುಟ್ಟಿಸುವ ತನಕ ಯಾರ ಕಣ್ಣಿಗೂ ಮರಗಟ್ಟಿಸುವ ಡ್ರಾಪ್ಸ್ ಬೀಳುವುದಿಲ್ಲ. ಕ್ಯೂ ಉದ್ದವಾಗುತ್ತದೆ ಎಂದು ಸಿಸ್ಟರ್ ಗೊಣಗುತ್ತಾರೆ. ಅಜ್ಜಿ ತಪಾಸಣೆಗೆ ಬಂದಾಗಲೆಲ್ಲ ಮೊಮ್ಮಗಳ ಮದುವೆಯೊಳಗೆ ಹೊಲಿಗೆ ಬಿಚ್ಚಿಸಿ ಎಂದು ಹಟ ಹಿಡಿಯುತ್ತಾರೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲವಂತೆ. ಆ ಕಣ್ಣಿಗೆ ಸ್ಪರ್ಶ ಇನ್ನೂ ಮರಳಿಲ್ಲ, ನಾನು ಒಪ್ಪಿಲ್ಲ.